ಧೂಳು, ಹೊಗೆ, ಲಕ್ವಾ: ಸೋಲಾಪುರದಂಥ ಊರಲ್ಲಿ ಹುಷಾರಾಗಿರುವುದು ಹೇಗೆ

ಡಿಸೆಂಬರ್, ಜನವರಿಯಲ್ಲಿ ಬೆಳಗ್ಗೆ ಐದೂವರೆಗೆ ಎದ್ದು, ಕಿವಿಗೆ ಮಫ್ಲರ್ ಸುತ್ತಿಕೊಂಡು, ಮೇನ್ ರೋಡ್ ಹಿಡಿದು ವಾಕಿಂಗ್ ಹೊರಡುವವರು ನೀವಾಗಿದ್ದರೆ ಮೊದಲ ಮಾತು ನಿಮಗೇ. ಹೊತ್ತು ಬದಲಿಸಿ, ದಾರಿ ಬದಲಿಸಿ. ವಾಕಿಂಗ್ ಮಾತ್ರ ಬಿಡಬೇಡಿ. ಒಂಬತ್ತರ ಸುಮಾರಿಗೆ ಹೋಗಿ, ಆಗದಿದ್ದರೆ ಸಂಜೆ ನಾಲ್ಕೂವರೆಗೆ ಹೋಗಿ, ಲಾರಿ ಓಡಾಡುವ ರಸ್ತೆಯಿಂದ ಎರಡು ಓಣಿ ಒಳಗೆ ನಡೆಯಿರಿ. ಇದಕ್ಕೆ ಒಂದು ಪೈಸೆ ಖರ್ಚಿಲ್ಲ. ಯಾಕೆ ಅಂತ ಮುಂದೆ ಹೇಳುತ್ತೇನೆ.

ನಾನು ಡಾಕ್ಟರ್ ಅಲ್ಲ. ಸೋಲಾಪುರದಲ್ಲೇ ಹುಟ್ಟಿ ಬೆಳೆದವನು. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ಮರಾಠಿ, ಓಣಿಯ ಆ ತುದಿಗೆ ಹೋದರೆ ತೆಲುಗು, ಹೀಗೆ ನಮ್ಮ ಬಾಳು. ನಮ್ಮ ಕಾಕಾ, ಅಂದರೆ ಅಪ್ಪನ ತಮ್ಮ, ಇಪ್ಪತ್ತಾರು ವರ್ಷ ರಸ್ತೆ ಪಕ್ಕದಲ್ಲೇ ಚಹಾದ ಅಂಗಡಿ ನಡೆಸಿದವರು. ಅವರಿಗೆ ಲಕ್ವಾ, ಅಂದರೆ ಪಾರ್ಶ್ವವಾಯು (ಸ್ಟ್ರೋಕ್), ಹೊಡೆದಾಗ ಎಲ್ಲರೂ ಕೇಳಿದ್ದು ಒಂದೇ ಮಾತು, ಬೀಡಿ ಸೇದಲ್ಲ, ಕುಡಿಯಲ್ಲ, ಇವರಿಗೆ ಹೇಗೆ? ಬೀಪಿ ಇತ್ತು. ಗುಳಿಗೆ ನೆನಪಾದಾಗ ತಗೊಳ್ಳುತ್ತಿದ್ದರು. ಇನ್ನೊಂದು ಕಾರಣ ಇದ್ದಿರಬಹುದಾದ ರಸ್ತೆಯ ಹೊಗೆಯ ಮಸಿ ಅಂಗಡಿಯ ಬಿಸ್ಕೀಟ್ ಬರಣಿಗಳ ಮೇಲೆ ದಿನಾ ಕರ್ರಗೆ ಕೂಡುತ್ತಿತ್ತು, ಕಾಕು, ಅಂದರೆ ಕಾಕಾನ ಹೆಂಡತಿ, ದಿನಾ ಅದನ್ನು ಒದ್ದೆ ಬಟ್ಟೆಯಲ್ಲಿ ಒರೆಸುತ್ತಿದ್ದರು. ಬರಣಿಯ ಮೇಲೆ ಕೂತಿದ್ದು ಒರೆಸಿದರೆ ಹೋಗುತ್ತೆ, ಎದೆಯೊಳಗೆ ಹೋಗಿದ್ದಕ್ಕೆ ಏನು ಮಾಡೋಣ? ಒಬ್ಬ ಮನುಷ್ಯನಿಗೆ ಬಂದ ಲಕ್ವಾಕ್ಕೆ ಈ ಹೊಗೆಯೇ ಕಾರಣ ಅಂತ ಯಾರೂ ಬೆರಳಿಟ್ಟು ತೋರಿಸಲು ಆಗುವುದಿಲ್ಲ, ಅದು ನಿಜ. ಆದರೆ ಊರಿನ ಲೆಕ್ಕ ಹಿಡಿದರೆ ಎರಡರ ನಂಟು ಗಟ್ಟಿಯಾಗಿದೆ.

ಮೂಗಿನಿಂದ ಮಿದುಳಿನವರೆಗೆ

ಗಾಳಿ ಕೆಟ್ಟರೆ ಕೆಮ್ಮು, ದಮ್ಮು ಬರುತ್ತೆ, ಅಷ್ಟು ಎಲ್ಲರಿಗೂ ಗೊತ್ತು. ಲಕ್ವಾ ಬರುವುದು ಮಿದುಳಿನಲ್ಲಿ. ಹೊಗೆ ಅಲ್ಲಿಗೆ ಹೇಗೆ ಹೋಯ್ತು?

ಗಾಳಿಯಲ್ಲಿ ತೇಲುವ ಕಣಗಳಲ್ಲಿ ದಪ್ಪದ್ದು, ಸಣ್ಣದ್ದು ಇರುತ್ತವೆ. ಎತ್ತಿನಗಾಡಿ ಹೋದಾಗ ಏಳುವ ಧೂಳು ದಪ್ಪದ್ದು. ಮೂಗು, ಗಂಟಲಲ್ಲೇ ಬಹಳಷ್ಟು ನಿಲ್ಲುತ್ತೆ, ಉಗುಳಿದರೆ ಹೋಗುತ್ತೆ. ತೊಂದರೆ ಕೊಡುವುದು ಪಿಎಂ 2.5 ಅನ್ನುವ ಸಣ್ಣ ಕಣ. 2.5 ಮೈಕ್ರೋಮೀಟರ್‌ಗಿಂತ ಚಿಕ್ಕದು, ತಲೆಗೂದಲಿನ ದಪ್ಪದ ಸುಮಾರು ಮೂವತ್ತರಲ್ಲಿ ಒಂದು ಪಾಲು. ಇದು ಹೆಚ್ಚಾಗಿ ಏನಾದರೂ ಉರಿದಾಗ ಹುಟ್ಟುತ್ತೆ: ಡೀಸೆಲ್, ಕಲ್ಲಿದ್ದಲು, ಕಟ್ಟಿಗೆ, ಕಸ, ಕಬ್ಬಿನ ರವದಿ (ಒಣಗಿದ ಎಲೆ). ಕಣ್ಣಿಗೆ ಕಾಣುವುದಿಲ್ಲ. ಪುಪ್ಪುಸದ, ಅಂದರೆ ಶ್ವಾಸಕೋಶದ, ತೀರಾ ಒಳಗಿನ ಗಾಳಿಚೀಲದವರೆಗೂ ಇಳಿಯುತ್ತೆ. ಅದಕ್ಕಿಂತ ಸಣ್ಣ ಕಣಗಳು ಅಲ್ಲಿಂದ ರಕ್ತಕ್ಕೂ ದಾಟುತ್ತವೆ.

ಇದು ಬಾಯಿ ಮಾತಲ್ಲ. ಸ್ಕಾಟ್ಲೆಂಡಿನ ಎಡಿನ್‌ಬರಾ ವಿಶ್ವವಿದ್ಯಾಲಯದವರು 2017ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಹೊಗೆಯ ಕಣವನ್ನು ರಕ್ತದಲ್ಲಿ ಹುಡುಕುವುದು ಕಷ್ಟ, ಅದಕ್ಕೆ ಅವರು ಜನರಿಗೆ ಅಷ್ಟೇ ಸಣ್ಣ ಬಂಗಾರದ ಕಣಗಳನ್ನು ಉಸಿರಾಡಲು ಕೊಟ್ಟರು. ಬಂಗಾರ ಆದರೆ ಪತ್ತೆ ಹಚ್ಚುವುದು ಸುಲಭ, ಅಲ್ವಾ. ಕೆಲವರಲ್ಲಿ ಹದಿನೈದೇ ನಿಮಿಷಕ್ಕೆ ಅದು ರಕ್ತದಲ್ಲಿ ಸಿಕ್ಕಿತು. ಮೂರು ತಿಂಗಳ ಮೇಲೂ ದೇಹದಲ್ಲಿ ಇತ್ತು. ಇನ್ನೂ ಮುಖ್ಯವಾದದ್ದು, ಲಕ್ವಾದ ಅಪಾಯ ಇದ್ದವರ ಕುತ್ತಿಗೆಯ ರಕ್ತನಾಳದಲ್ಲಿ ಕೊಬ್ಬು ಕಟ್ಟಿಕೊಂಡ ಜಾಗ ಇರುತ್ತಲ್ಲ, ಆಪರೇಷನ್ ಮಾಡಿ ಅದನ್ನು ತೆಗೆದು ನೋಡಿದರೆ ಅಲ್ಲೂ ಬಂಗಾರ ಕೂತಿತ್ತು. ಎಲ್ಲಿ ಮೊದಲೇ ಗಾಯ ಇದೆಯೋ ಅಲ್ಲಿಗೇ ಹೋಗಿ ಸೇರುತ್ತೆ ಅಂತಾಯಿತು.

ಕಣ ಒಳಗೆ ಹೋದ ಮೇಲೆ ನಾಲ್ಕಾರು ಕೆಲಸ ಒಟ್ಟೊಟ್ಟಿಗೆ ನಡೆಯುತ್ತವೆ. ಪುಪ್ಪುಸ ಉರಿಯುತ್ತೆ, ಆ ಉರಿಯೂತದ ರಾಸಾಯನಿಕಗಳು ರಕ್ತಕ್ಕೆ ಬಂದು ಮೈಯೆಲ್ಲಾ ಸುತ್ತುತ್ತವೆ. ರಕ್ತನಾಳದ ಒಳಮೈ ಬಿಗಿಯಾಗುತ್ತೆ, ಸರಿಯಾಗಿ ಅಗಲವಾಗುವುದಿಲ್ಲ, ಬೀಪಿ ಏರುತ್ತೆ. ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಬೇಗ ಅಂಟಿಕೊಳ್ಳುತ್ತವೆ, ಅಂದರೆ ರಕ್ತ ಹೆಪ್ಪುಗಟ್ಟುವುದು ಸಲೀಸಾಗುತ್ತೆ. ಡೀಸೆಲ್ ಹೊಗೆಯನ್ನು ಅಳತೆ ಹಾಕಿ ಆರೋಗ್ಯವಂತ ಗಂಡಸರಿಗೆ ಉಸಿರಾಡಿಸಿ, ಮೇಲೆ ಅವರ ರಕ್ತ ತೆಗೆದು ನೋಡಿದ್ದಾರೆ. ಶುದ್ಧ ಗಾಳಿ ಕುಡಿದ ದಿನಕ್ಕಿಂತ ಹೊಗೆ ಕುಡಿದ ದಿನ ಹೆಪ್ಪು ಜಾಸ್ತಿ ಕಟ್ಟಿತ್ತು. ಇದು ಒಂದೇ ದಿನದ ಮಾತು. ವರ್ಷಗಟ್ಟಲೆ ಇದೇ ಗಾಳಿ ಕುಡಿದರೆ ನಾಳದೊಳಗೆ ಕೊಬ್ಬು ಕೂಡುವುದೂ ಬೇಗ ಆಗುತ್ತೆ.

ಮಿದುಳಿಗೆ ಹೋಗುವ ನಾಳ ಹೆಪ್ಪಿನಿಂದ ಕಟ್ಟಿಕೊಂಡರೆ ಒಂದು ಥರದ ಲಕ್ವಾ, ಬೀಪಿ ಏರಿ ನಾಳ ಒಡೆದರೆ ಇನ್ನೊಂದು ಥರದ್ದು. ಹೊಗೆ ಎರಡಕ್ಕೂ ಕೈ ಸೇರಿಸುತ್ತೆ.

28 ದೇಶಗಳ 103 ಅಧ್ಯಯನಗಳನ್ನು ಒಟ್ಟುಗೂಡಿಸಿದ ಒಂದು ವರದಿ 2015ರಲ್ಲಿ ಬಂತು. ಗಾಳಿ ಕೆಟ್ಟ ದಿನಗಳಲ್ಲಿ ಲಕ್ವಾದಿಂದ ಆಸ್ಪತ್ರೆ ಸೇರುವವರು, ಸಾಯುವವರು ಜಾಸ್ತಿ, ಅದರಲ್ಲೂ ಅದೇ ದಿನ ಪರಿಣಾಮ ಜೋರು ಅಂತ ಅದರಲ್ಲಿದೆ. 2024ರಲ್ಲಿ ಪ್ರಕಟವಾದ ಇನ್ನೊಂದು ದೊಡ್ಡ ಲೆಕ್ಕದ ಪ್ರಕಾರ 2021ರಲ್ಲಿ ಜಗತ್ತಿನಲ್ಲಿ ಸುಮಾರು 1.19 ಕೋಟಿ ಜನರಿಗೆ ಹೊಸದಾಗಿ ಲಕ್ವಾ ಬಂದಿತ್ತು. ಮಿದುಳಿನ ಹೊದಿಕೆಯ ಕೆಳಗೆ ರಕ್ತ ಸೋರುವ ಒಂದು ಥರ ಇದೆ, ಅದರಿಂದಾಗುವ ಸಾವು ಮತ್ತು ಅಂಗವೈಕಲ್ಯದಲ್ಲಿ 14 ಶೇಕಡ ಪಾಲು ಕಣಗಳಿಂದ ಕೆಟ್ಟ ಗಾಳಿಯದ್ದು, ಹೆಚ್ಚುಕಡಿಮೆ ಸಿಗರೇಟಿನಷ್ಟೇ ಅಂತ ಅದೇ ಲೆಕ್ಕ ಹೇಳಿತು. ನಮ್ಮ ಕಾಕಾ ಬೀಡಿ ಸೇದುತ್ತಿರಲಿಲ್ಲ ಅಂದೆನಲ್ಲ. ರಸ್ತೆಯೇ ಸೇದಿಸುತ್ತಿತ್ತು.

ಮೊದಲು ಬೀಪಿ ಮಷೀನ್, ಆಮೇಲೆ ಮಿಕ್ಕಿದ್ದು

ಈ ವಿಷಯ ಓದಿದವರು ಮೊದಲು ಓಡುವುದು ಏರ್ ಪ್ಯೂರಿಫೈಯರ್ ಬೆಲೆ ನೋಡಲು. ಸ್ವಲ್ಪ ತಡೆಯಿರಿ. ಊರಿನ ಗಾಳಿ ನಿಮ್ಮ ಕೈಯಲ್ಲಿಲ್ಲ. ಆದರೆ ಆ ಗಾಳಿ ನಿಮ್ಮೊಳಗೆ ಬಂದು ತಳ್ಳುವುದು ಯಾವುದನ್ನು? ಬೀಪಿಯನ್ನು. ಲಕ್ವಾ ತರುವ ಕಾರಣಗಳಲ್ಲಿ ಎಲ್ಲಕ್ಕಿಂತ ದೊಡ್ಡದು ಬೀಪಿಯೇ. ಅದು ಮೊದಲೇ ಅಂಚಿನಲ್ಲಿ ನಿಂತಿದ್ದರೆ ಒಂದು ಸಣ್ಣ ನೂಕು ಸಾಕು, ಹದ್ದುಬಸ್ತಿನಲ್ಲಿದ್ದರೆ ಅದೇ ನೂಕನ್ನು ಮೈ ತಡೆದುಕೊಳ್ಳುತ್ತೆ. ಅದಕ್ಕೇ ನನ್ನ ಲೆಕ್ಕದಲ್ಲಿ ಕೆಟ್ಟ ಗಾಳಿಯ ಊರಲ್ಲಿರುವವರು ಮೊದಲು ಕೊಳ್ಳಬೇಕಾದದ್ದು ತೋಳಿಗೆ ಪಟ್ಟಿ ಸುತ್ತುವ ಬೀಪಿ ಮಷೀನ್. ಮಣಿಕಟ್ಟಿಗೆ ಕಟ್ಟುವುದು ಬೇಡ, ತೋಳಿನದ್ದೇ ತಗೊಳ್ಳಿ.

ನೋಡುವುದಕ್ಕೂ ಒಂದು ರೀತಿ ಇದೆ. ಮನೆಯಲ್ಲಿ ಕಾಕಾ ಹೇಗೆ ನೋಡಿಕೊಳ್ಳುತ್ತಿದ್ದರು ಗೊತ್ತಾ? ಚಹಾ ಕುಡಿದು ಲೋಟ ಕೆಳಗಿಟ್ಟು, ಸ್ಟೂಲಿನ ಮೇಲೆ ಕಾಲು ಜೋತುಬಿಟ್ಟು ಕೂತು, ಅಂಗಿಯ ತೋಳಿನ ಮೇಲೇ ಪಟ್ಟಿ ಕಟ್ಟಿಕೊಂಡು, ಮಷೀನ್ ಗುಯ್ ಅನ್ನುವಾಗಲೇ ಮೊಮ್ಮಗನಿಗೆ ಬೈಯುತ್ತಾ. ಇದರಲ್ಲಿ ಒಂದೂ ಸರಿಯಿಲ್ಲ. ಚಹಾ, ತಂಬಾಕು ಆಗಿ ಅರ್ಧ ತಾಸು ಕಳೆದಿರಬೇಕು. ಉಚ್ಚೆಗೆ ಹೋಗಿ ಬಂದಿರಬೇಕು. ಬೆನ್ನಿಗೆ ಆಸರೆ ಇರುವ ಕುರ್ಚಿಯಲ್ಲಿ, ಪಾದ ಎರಡೂ ನೆಲಕ್ಕೆ ಊರಿ, ಐದು ನಿಮಿಷ ಸುಮ್ನೆ ಕೂರಬೇಕು. ಬರೀ ತೋಳಿಗೆ ಪಟ್ಟಿ, ತೋಳು ಎದೆಯ ಮಟ್ಟಕ್ಕೆ ಮೇಜಿನ ಮೇಲೆ. ಮಾತಿಲ್ಲ. ಒಂದು ನಿಮಿಷ ಬಿಟ್ಟು ಎರಡನೇ ಸಲ ನೋಡಿ, ಎರಡನ್ನೂ ಬರೆದಿಡಿ. ಬೆಳಗ್ಗೆ ಗುಳಿಗೆ ತಗೊಳ್ಳುವ ಮೊದಲು ಒಂದು ಸಲ, ಸಂಜೆ ಒಂದು ಸಲ, ಹೀಗೆ ಒಂದು ವಾರ. ಮನೆಯಲ್ಲಿ ನೋಡಿದ ಸರಾಸರಿ 135/85ಕ್ಕಿಂತ ಮೇಲಿದ್ದರೆ ಆ ಚೀಟಿ ಹಿಡಿದು ಡಾಕ್ಟರ್ ಹತ್ತಿರ ಹೋಗಿ. ದವಾಖಾನೆಯಲ್ಲಿ ನೋಡಿದ್ದಾದರೆ 140/90 ಗೆರೆ.

ಗುಳಿಗೆ ಇದ್ದವರು ಅದನ್ನು ಬಿಡಬೇಡಿ, ಅದರಲ್ಲೂ ನವೆಂಬರಿನಿಂದ ಫೆಬ್ರವರಿ ತನಕ. ಚಳಿಗೆ ನಾಳಗಳು ಬಿಗಿಯಾಗಿ ಬೀಪಿ ಹೇಗೂ ಏರಿರುತ್ತೆ, ನೆಲದ ಹತ್ತಿರದ ಹೊಗೆಯೂ ಅದೇ ತಿಂಗಳುಗಳಲ್ಲಿ ದಟ್ಟ. "ಬೀಪಿ ನಾರ್ಮಲ್ ಬಂತು, ಇನ್ನು ಗುಳಿಗೆ ಯಾಕೆ" ಅಂತ ಬಿಡುವವರು ನಮ್ಮಲ್ಲಿ ಮನೆಗೊಬ್ಬರು. ಗುಳಿಗೆ ತಗೊಂಡಿದ್ದಕ್ಕೇ ಅಲ್ವಾ ನಾರ್ಮಲ್ ಬಂದಿದ್ದು?

ಉಪ್ಪಿನ ಮಾತು ಹೇಳಿದರೆ ಮನೆಯಲ್ಲಿ ಜಗಳ ಆಗುತ್ತೆ, ಆದರೂ ಹೇಳುತ್ತೇನೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ದಿನಕ್ಕೆ 5 ಗ್ರಾಂ ಒಳಗೆ, ಅಂದರೆ ಒಂದು ಸಣ್ಣ ಚಮಚ, ಎಲ್ಲಾ ಸೇರಿ. ಕಡಕ್ ರೊಟ್ಟಿ, ಮೇಲೆ ಶೇಂಗಾ ಚಟ್ನಿ, ಪಕ್ಕದಲ್ಲಿ ಉಪ್ಪಿನಕಾಯಿ, ನಂಜಿಕೊಳ್ಳಲು ಹಪ್ಪಳ. ರೊಟ್ಟಿಯದ್ದೇನೂ ತಪ್ಪಿಲ್ಲ, ಜೋಳ ಒಳ್ಳೆಯದೇ. ಲೆಕ್ಕ ಏರುವುದು ಉಳಿದ ಮೂರರಲ್ಲಿ. ಚಟ್ನಿಗೆ ಉಪ್ಪು ಅರ್ಧ ಮಾಡಿ, ಬೆಳ್ಳುಳ್ಳಿ, ಖಾರ ಸ್ವಲ್ಪ ಜಾಸ್ತಿ ಹಾಕಿದರೆ ಹದಿನೈದು ದಿನದಲ್ಲಿ ನಾಲಗೆ ಒಗ್ಗುತ್ತೆ. ಶುಗರ್ ಇದ್ದರೆ ಅದನ್ನೂ ನೋಡಿಸಿಕೊಳ್ಳಿ. ಬೀಡಿ, ಸಿಗರೇಟು ಬಿಡಿ ಅಂತ ಬೇರೆ ಹೇಳಬೇಕಾ?

ಗಾಳಿಯ ನಂಬರ್ ಓದುವುದು

ದೇಶದಲ್ಲಿ ಗಾಳಿ ಕೆಟ್ಟ ಊರುಗಳ ಪಟ್ಟಿ ಮಾಡಿ 2019ರಲ್ಲಿ ಸರಕಾರ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮ ಶುರು ಮಾಡಿತು. ಅದರಲ್ಲಿ ಸೋಲಾಪುರ ಇದೆ, ಸಾಂಗ್ಲಿ, ಕೊಲ್ಹಾಪುರ, ಲಾತೂರೂ ಇವೆ. ದಿಲ್ಲಿ ಕತೆ ನಮಗ್ಯಾಕೆ ಅನ್ನುವವರಿಗೆ ಇಷ್ಟು ಸಾಕು.

ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮೀರ್ ಅನ್ನುವ ಆ್ಯಪ್ ಇದೆ, ಪುಕ್ಕಟೆ. ಊರಿನ ಎಕ್ಯೂಐ, ಅಂದರೆ ಗಾಳಿ ಎಷ್ಟು ಕೆಟ್ಟಿದೆ ಅಂತ ಹೇಳುವ ನಂಬರ್, ತೋರಿಸುತ್ತೆ. 50ರ ತನಕ ಕಡು ಹಸಿರು, 100ರ ತನಕ ತಿಳಿ ಹಸಿರು, 200ರ ತನಕ ಹಳದಿ, ಆಮೇಲೆ ಕಿತ್ತಳೆ, ಕೆಂಪು, ಕಡುಗೆಂಪು. ಇಲ್ಲಿ ಎರಡು ಕಡೆ ಮೋಸ ಹೋಗುತ್ತೇವೆ.

ಒಂದು, ತಿಳಿ ಹಸಿರು ಇದೆ ಅಂದರೆ ಚಿಂತೆ ಇಲ್ಲ ಅಂದುಕೊಳ್ಳುವುದು. ನಮ್ಮ ಸರಕಾರದ ಲೆಕ್ಕದಲ್ಲಿ ಒಂದು ದಿನಕ್ಕೆ ಪಿಎಂ 2.5 ಪ್ರತಿ ಘನ ಮೀಟರಿಗೆ 60 ಮೈಕ್ರೋಗ್ರಾಂ ತನಕ ನಡೆಯುತ್ತೆ, ಅದು ತಿಳಿ ಹಸಿರಿನ ಕೊನೆ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹಾಕಿದ ಗೆರೆ 15. ನಾಲ್ಕು ಪಟ್ಟು ವ್ಯತ್ಯಾಸ! ವರ್ಷದ ಸರಾಸರಿಗೆ ನಮ್ಮದು 40, ಅವರದ್ದು 5. ರಕ್ತನಾಳಗಳಿಗೆ ಸರಕಾರಿ ಗೆರೆ ಗೊತ್ತಿರಲ್ಲ. ಇದಕ್ಕಿಂತ ಕೆಳಗಿದ್ದರೆ ಅಪಾಯವೇ ಇಲ್ಲ ಅನ್ನುವ ಮಟ್ಟ ಈತನಕ ಸಿಕ್ಕಿಲ್ಲ. ಅದಕ್ಕೆ ಬೀಪಿ, ಶುಗರ್, ಹೃದಯದ ತೊಂದರೆ ಇದ್ದವರು, ಒಮ್ಮೆ ಲಕ್ವಾ ಬಂದು ಹೋದವರು ಹಳದಿ ಕಂಡರೇ ಎಚ್ಚರ ಆಗಿ. ಕೆಂಪಿಗೆ ಕಾಯಬೇಡಿ.

ಇನ್ನೊಂದು, ಆ ನಂಬರ್ 24 ತಾಸಿನ ಸರಾಸರಿ ಮೇಲೆ ನಿಂತಿರುತ್ತೆ, ಅದೂ ಮಷೀನ್ ಇಟ್ಟ ಜಾಗದ್ದು. ನಿಮ್ಮ ಅಂಗಡಿ ಮುಂದೆ ಬೆಳಗ್ಗೆ ಏಳಕ್ಕೆ ನಾಲ್ಕು ಲಾರಿ ಎಂಜಿನ್ ಚಾಲೂ ಇಟ್ಟು ನಿಂತಿದ್ದು ಅದಕ್ಕೆ ಗೊತ್ತಾಗಲ್ಲ. ಆ್ಯಪ್ ಜೊತೆಗೆ ಮೂಗು, ಕಣ್ಣನ್ನೂ ನಂಬಿ. ಬೆಳಗ್ಗೆ ದೂರದ ಗುಡಿಯ ಶಿಖರ ಮಬ್ಬಾಗಿ ಕಂಡರೆ, ಹೊಗೆ ಮೇಲಕ್ಕೆ ಹೋಗದೆ ಅಡ್ಡಡ್ಡ ಹರಡಿಕೊಂಡರೆ, ಆ ದಿನ ಗಾಳಿ ನಿಂತಿದೆ ಅಂತ ಅರ್ಥ.

ಹೊತ್ತು ಮತ್ತು ದಾರಿ

ಈಗ ಮೊದಲು ಹೇಳಿದ ಮಾತಿಗೆ ಬರೋಣ. ಚಳಿಗಾಲದ ರಾತ್ರಿ ನೆಲ ಬೇಗ ತಣ್ಣಗಾಗುತ್ತೆ. ಕೆಳಗೆ ತಂಪು ಗಾಳಿ, ಮೇಲೆ ಬಿಸಿ ಗಾಳಿ ಮುಚ್ಚಳದಂತೆ ಕೂರುತ್ತೆ. ರಾತ್ರಿಯ ಲಾರಿ ಹೊಗೆ, ಚಳಿ ಕಾಯಿಸಲು ಹಚ್ಚಿದ ಕಸದ ಹೊಗೆ, ಸುತ್ತಲಿನ ಹೊಲಗಳಲ್ಲಿ ಸುಟ್ಟ ರವದಿಯ ಹೊಗೆ, ಎಲ್ಲಾ ಆ ಮುಚ್ಚಳದ ಕೆಳಗೇ. ಬಿಸಿಲೇರಿ ನೆಲ ಕಾದ ಮೇಲೆಯೇ ಅದು ಮೇಲೆದ್ದು ಚದುರುವುದು. ಅತ್ತ ನಮ್ಮ ಮೈಯ ಕತೆ ನೋಡಿದರೆ, ಬೆಳಗ್ಗೆ ಏಳುತ್ತಲೇ ಬೀಪಿ ಏರುತ್ತೆ, ಲಕ್ವಾ ಹೆಚ್ಚಾಗಿ ಬರುವುದೂ ಬೆಳಗ್ಗೆ ಆರರಿಂದ ಮಧ್ಯಾಹ್ನದೊಳಗೆ. ಹೊಗೆ ದಟ್ಟ ಇರುವ ಹೊತ್ತು, ಚಳಿಯ ಹೊತ್ತು, ಮೈ ಅಳ್ಳಕ ಇರುವ ಹೊತ್ತು, ಮೂರೂ ಒಂದೇ ಕಡೆ ಬಂದು ಕೂಡುವ ಜಾಗದಲ್ಲಿ ನಾವು ಜೋರಾಗಿ ಉಸಿರು ಎಳೆದುಕೊಳ್ಳುತ್ತಾ ನಡೆಯುತ್ತೇವೆ, ಆರೋಗ್ಯಕ್ಕೆ ಅಂತ!

ಬೇಸಿಗೆಯಲ್ಲಿ ಇದು ತಿರುವುಮುರುವು. ಆಗ ಒಂಬತ್ತಕ್ಕೇ ಬಿಸಿಲು ತಲೆ ಸುಡುತ್ತೆ, ಬೆಳಗ್ಗೆಯೇ ಹೋಗಿ.

ದಾರಿಯದ್ದು ಇನ್ನೂ ಸುಲಭ. ಗಾಡಿಗಳ ಹೊಗೆಯ ಅತಿ ಸಣ್ಣ ಕಣಗಳು ರಸ್ತೆ ಅಂಚಿನಲ್ಲಿ ತೀರಾ ಜಾಸ್ತಿ, ನೂರು ನೂರೈವತ್ತು ಮೀಟರ್ ಸರಿದರೆ ಸಾಕಷ್ಟು ಇಳಿಯುತ್ತವೆ. ನಮ್ಮೂರ ಕಂಬರ ತಲಾವ್ ಕೆರೆ ಕಡೆ ವಾಕಿಂಗ್ ಹೋಗುವವರು ರಸ್ತೆಗೆ ಅಂಟಿಕೊಂಡ ಬದಿ ಬಿಟ್ಟು ಒಳಬದಿಗೆ ನಡೆದರೂ ಒಂದಿಷ್ಟು ಲಾಭ. ಸ್ಕೂಟರಿನವರು ಸಿಗ್ನಲ್‌ನಲ್ಲಿ ಬಸ್ಸಿನ ಸೈಲೆನ್ಸರ್ ಹಿಂದೆ ನಿಲ್ಲಬೇಡಿ, ಸ್ವಲ್ಪ ಹಿಂದೆ, ಪಕ್ಕಕ್ಕೆ ನಿಲ್ಲಿ. ಕಾರಿನವರು ಟ್ರಾಫಿಕ್‌ನಲ್ಲಿ ಗ್ಲಾಸ್ ಏರಿಸಿ, ಎಸಿಯನ್ನು ಒಳಗಿನ ಗಾಳಿಯೇ ತಿರುಗುವ ಹಾಗೆ ಇಡಿ.

ರಸ್ತೆ ಬದಿಯಲ್ಲೇ ದುಡಿಯುವವರಿಗೆ ಈ ಬುದ್ಧಿಮಾತು ಹೇಳಲು ನನಗೇ ಸಂಕೋಚ. ಪಂಕ್ಚರ್ ಹಾಕುವವ, ರಿಕ್ಷಾದವ, ಹಣ್ಣಿನ ಗಾಡಿಯಾಕೆ, ಟ್ರಾಫಿಕ್ ಪೊಲೀಸ್, ಇವರು ಎಲ್ಲಿಗೆ ಸರಿಯಬೇಕು? ಅವರಿಗೆ ಬೀಪಿ ನೋಡಿಸಿಕೊಳ್ಳುವುದು, ಗುಳಿಗೆ, ಒಳ್ಳೆಯ ಮಾಸ್ಕ್, ಈ ಮೂರೇ. ಕಾಕಾ ಈಗ ಅಂಗಡಿಯನ್ನು ಮಗನಿಗೆ ಬಿಟ್ಟಿದ್ದಾರೆ. ಮಗ ಮಾಡಿದ ಒಂದೇ ಒಂದು ಬದಲಾವಣೆ ಅಂದರೆ ಒಲೆಯನ್ನು ರಸ್ತೆ ಕಡೆಯಿಂದ ಹಿಂಬದಿ ಗೋಡೆಗೆ ಸರಿಸಿದ್ದು. ಈಗ ಅವನು ಗಿರಾಕಿಗೆ ಕಪ್ಪು ಕೊಡಲು ನಾಲ್ಕು ಹೆಜ್ಜೆ ಬರಬೇಕು, ಅದಕ್ಕೆ ದಿನಾ ಗೊಣಗುತ್ತಾನೆ. ನಾಲ್ಕು ಹೆಜ್ಜೆಯಲ್ಲಿ ಎಷ್ಟು ಹೊಗೆ ಉಳಿಯಿತೋ ಯಾರು ಅಳೆದಿದ್ದಾರೆ, ಆದರೆ ಬಸ್ಸಿನ ಹೊಗೆ ನೇರ ಮುಖಕ್ಕೆ ಬಡಿಯುವುದು ನಿಂತಿದೆ.

ಮಾಸ್ಕ್ ವಿಷಯ ಬೇಗ ಮುಗಿಸುತ್ತೇನೆ. ಕರ್ಚೀಫು, ಸ್ಕೂಟರಿನ ಹೆಣ್ಣುಮಕ್ಕಳು ಸುತ್ತಿಕೊಳ್ಳುವ ಸ್ಟೋಲ್, ಬಟ್ಟೆ ಮಾಸ್ಕ್, ಇವು ದಪ್ಪ ಧೂಳಿಗೆ ಸರಿ, ಪಿಎಂ 2.5ಗೆ ಅಷ್ಟಕ್ಕಷ್ಟೆ. ಎನ್95 ಬೇಕು, ಮೂಗಿನ ಮೇಲಿನ ತಂತಿ ಒತ್ತಿ, ಕೆನ್ನೆಯ ಬಳಿ ಸಂದು ಇಲ್ಲದ ಹಾಗೆ. ಗಡ್ಡ ದಟ್ಟ ಇದ್ದರೆ ಗಾಳಿ ಸೋರುತ್ತೆ. ಒಗೆಯಬೇಡಿ, ಒಗೆದರೆ ಅದು ಬರೀ ಬಟ್ಟೆ. ಬೀಜಿಂಗ್‌ನಲ್ಲಿ ಹೃದ್ರೋಗಿಗಳನ್ನು ಮಾಸ್ಕ್ ಹಾಕಿಸಿ ಒಂದು ದಿನ, ಹಾಕಿಸದೆ ಒಂದು ದಿನ ಊರಲ್ಲಿ ನಡೆಸಿ ನೋಡಿದಾಗ, ಹಾಕಿದ ದಿನ ಬೀಪಿ ತುಸು ಕಡಿಮೆ ಇತ್ತು. ಉಸಿರಾಟದ ತೊಂದರೆ ಇದ್ದವರು ಡಾಕ್ಟರನ್ನು ಕೇಳಿಯೇ ಹಾಕಿಕೊಳ್ಳಿ.

ಮನೆಯೊಳಗಿನ ಹೊಗೆ

ಹೊರಗಿನ ಗಾಳಿಗೆ ಬೈಯುತ್ತಾ ಮನೆಯೊಳಗೆ ನಾವೇ ಹೊಗೆ ಹಾಕಿಕೊಳ್ಳುತ್ತೇವೆ. ಸೊಳ್ಳೆ ಬತ್ತಿ ತಗೊಳ್ಳಿ. ಒಂದು ಸುರುಳಿ ಪೂರ್ತಿ ಉರಿದರೆ ಹೊರಬರುವ ಪಿಎಂ 2.5 ಸುಮಾರು 75ರಿಂದ 137 ಸಿಗರೇಟಿನಷ್ಟು ಅಂತ 2003ರ ಒಂದು ಅಧ್ಯಯನ ಲೆಕ್ಕ ಹಾಕಿತ್ತು. ಕಿಟಕಿ ಮುಚ್ಚಿ, ಮಂಚದ ಕೆಳಗೆ ಇಟ್ಟು, ರಾತ್ರಿಯಿಡೀ! ಸೊಳ್ಳೆ ಪರದೆ ಕಟ್ಟಿ. ನೆಟ್ಟಗೆ ಕಟ್ಟಲು ಐದು ನಿಮಿಷ ಬೇಕು, ಅದೇ ಸೋಮಾರಿತನ ನಮ್ಮದು.

ಊದುಬತ್ತಿ, ಧೂಪ ಬಿಡಿ ಅಂತ ಹೇಳಿ ಅವ್ವನ ಹತ್ತಿರ ಬೈಸಿಕೊಂಡಿದ್ದೇನೆ. ಈಗ ಒಪ್ಪಂದ ಏನಂದರೆ ಒಂದೇ ಕಡ್ಡಿ, ಕಿಟಕಿ ತೆರೆದಿರಬೇಕು, ಧೂಪ ಅಂಗಳದಲ್ಲಿ. ಕಟ್ಟಿಗೆ ಒಲೆ ಇನ್ನೂ ಇದ್ದರೆ, ನೀರು ಕಾಯಿಸಲು ಮಾತ್ರ ಅಂತ ಹೇಳುತ್ತೇವೆ, ಅದೇ ದಿನಾ ಎರಡು ತಾಸು ಉರಿಯುತ್ತೆ, ಅದನ್ನು ಹಿತ್ತಲಿನ ತೆರೆದ ಜಾಗಕ್ಕೆ ಸಾಗಿಸಿ. ಪ್ಲಾಸ್ಟಿಕ್ ಹಾಕಿ ಉರಿ ಎಬ್ಬಿಸಬೇಡಿ. ಒಗ್ಗರಣೆ ಹಾಕುವಾಗ ಕಿಟಕಿ ತೆಗೆಯಿರಿ, ಇಲ್ಲವೇ ಎಕ್ಸಾಸ್ಟ್ ಫ್ಯಾನ್ ಹಾಕಿ. ಒಣ ಕಸಬರಿಗೆಯಲ್ಲಿ ಜೋರಾಗಿ ಗುಡಿಸಿದರೆ ಕೂತ ಧೂಳು ಮತ್ತೆ ಏಳುತ್ತೆ, ಒದ್ದೆ ಬಟ್ಟೆಯಲ್ಲಿ ಒರೆಸಿ. ಗಾಳಿ ಕೆಟ್ಟ ದಿನ ಕಿಟಕಿಯನ್ನು ಬೆಳಗ್ಗೆ ಮುಚ್ಚಿಟ್ಟು ಮಧ್ಯಾಹ್ನ ತೆರೆಯಿರಿ.

ಗಡ್ಡಾ ಜಾತ್ರೆಯಲ್ಲಿ ಸಿಡಿಮದ್ದು ಸುಡುವ ರಾತ್ರಿ ಇದೆಯಲ್ಲ, ಸಿದ್ಧರಾಮೇಶ್ವರನ ನಂದಿಧ್ವಜಗಳ ಮೆರವಣಿಗೆ ನೋಡದೆ ಸಂಕ್ರಾಂತಿ ಕಳೆಯುವುದು ಸೋಲಾಪುರದವರಿಗೆ ಆಗದ ಮಾತು, ನನಗೂ ಆಗಲ್ಲ. ಆದರೆ ಲಕ್ವಾ ಬಂದು ಹೋದ ಹಿರಿಯರನ್ನು ಮದ್ದಿನ ಹೊಗೆಯ ನಡುವೆ ಕೂರಿಸಬೇಡಿ. ಮೆರವಣಿಗೆ ಹಗಲಲ್ಲಿ ತೋರಿಸಿ, ರಾತ್ರಿಯದ್ದು ಮನೆಯ ಮಾಳಿಗೆ ಮೇಲಿಂದ, ದೂರದಿಂದ. ದೀಪಾವಳಿಗೂ ಇದೇ ಮಾತು.

ಪ್ಯೂರಿಫೈಯರ್? ದುಡ್ಡಿದ್ದರೆ ತಗೊಳ್ಳಿ, ಸಣ್ಣ ಕಣ ಹಿಡಿಯುವ ಹೆಪಾ ಫಿಲ್ಟರ್ ಇರುವುದು, ಮಲಗುವ ಕೋಣೆಗೆ ಒಂದು. ಬಾಗಿಲು ಮುಚ್ಚಿದರೆ ಮಾತ್ರ ಅದರ ಕೆಲಸ. ದುಡ್ಡಿಲ್ಲದಿದ್ದರೆ ಸೊಳ್ಳೆ ಬತ್ತಿ ಬಿಟ್ಟದ್ದೇ ದೊಡ್ಡ ಲಾಭ.

ಅಷ್ಟಾಗಿಯೂ ಬಂದರೆ

ಕಾಕಾನಿಗೆ ಬಂದ ದಿನ ನಡೆದದ್ದು ಹೀಗೆ. ಬೆಳಗ್ಗೆ ಎಂಟರ ಸುಮಾರು. ಗಿರಾಕಿಗೆ ಚಹಾ ಕೊಡಲು ಹೋದವರ ಎಡಗೈಯಿಂದ ಬಸಿ ಜಾರಿ ಬಿತ್ತು. ಬಗ್ಗಿ ಆರಿಸಿಕೊಳ್ಳುತ್ತಾ ಏನೋ ಅಂದರು. ಗಿರಾಕಿ ಮರಾಠಿಯವ, ಇವರು ಕನ್ನಡದಲ್ಲಿ ಏನೋ ಹೇಳುತ್ತಿದ್ದಾರೆ ಅಂದುಕೊಂಡು ನಕ್ಕ. ಒಳಗಿದ್ದ ಕಾಕುಗೆ ಕೇಳಿಸಿತು, ಯಾರ ಜೊತೆಗೋ ತೆಲುಗಿನಲ್ಲಿ ಮಾತಾಡುತ್ತಿದ್ದಾರೆ ಅಂದುಕೊಂಡು ಹಾಲು ಕಾಯಿಸುವುದರಲ್ಲೇ ಇದ್ದರು. ಅದು ಯಾವ ಭಾಷೆಯೂ ಆಗಿರಲಿಲ್ಲ. ಹತ್ತು ನಿಮಿಷ ಹೀಗೇ ಹೋಯಿತು. ಆಮೇಲೆ ಯಾರೋ ಬೀಪಿ ಇಳಿದಿದೆ ಅಂದರು, ಕಾಕು ಸಕ್ಕರೆ ನೀರು ಕುಡಿಸಲು ಹೋದರು, ಅರ್ಧ ಬಾಯಿಂದ ಸೋರಿತು, ಅರ್ಧ ಶ್ವಾಸನಾಳಕ್ಕೆ ಹೋಗಿ ಕೆಮ್ಮು ಹತ್ತಿತು. ಮೊದಲು ಒಯ್ದ ದವಾಖಾನೆಯಲ್ಲಿ ಸಿಟಿ ಸ್ಕ್ಯಾನ್ ಇರಲಿಲ್ಲ. ಅದನ್ನು ಹೇಳದೆ ಸಲೈನ್ ಹಚ್ಚಿ ಮಲಗಿಸಿದರು, ಎರಡು ತಾಸು ಅಲ್ಲೇ ಕಳೆಯಿತು. ಕಾಕಾ ಬದುಕಿದರು, ನಡೆಯುತ್ತಾರೆ, ಆದರೆ ಎಡಗೈಯಲ್ಲಿ ಇವತ್ತಿಗೂ ಅಂಗಿಯ ಗುಂಡಿ ಹಾಕಿಕೊಳ್ಳಲು ಬರುವುದಿಲ್ಲ.

ದೊಡ್ಡ ನಾಳ ಕಟ್ಟಿಕೊಂಡ ಲಕ್ವಾದಲ್ಲಿ ಒಂದೊಂದು ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶ ಸಾಯುತ್ತವೆ. ಹೆಪ್ಪು ಕರಗಿಸುವ ಇಂಜೆಕ್ಷನ್ ಇದೆ, ಆದರೆ ಸಾಮಾನ್ಯವಾಗಿ ಶುರುವಾಗಿ ನಾಲ್ಕೂವರೆ ತಾಸಿನೊಳಗೆ ಕೊಡಬೇಕು. ಅದಕ್ಕೂ ಮೊದಲು ಸಿಟಿ ಸ್ಕ್ಯಾನ್ ಆಗಬೇಕು, ನಾಳ ಕಟ್ಟಿದೆಯೋ ಒಡೆದಿದೆಯೋ ಅಂತ ಗೊತ್ತಾಗಲು. ಒಡೆದಿದ್ದರೆ ಆ ಇಂಜೆಕ್ಷನ್ನೇ ವಿಷ. ಅದಕ್ಕೇ ಮನೆಯಲ್ಲಿ ಆಸ್ಪಿರಿನ್ ನುಂಗಿಸಬಾರದು, ಬೀಪಿ ಗುಳಿಗೆ ಇನ್ನೊಂದು ಕೊಡಬಾರದು. ಪಾರಿವಾಳದ ರಕ್ತ ಹಚ್ಚುವುದು, ಯಾವುದೋ ಹಳ್ಳಿಗೆ ಲಕ್ವಾದ ಔಷಧಕ್ಕೆ ಒಯ್ಯುವುದು, ಇದರಲ್ಲೇ ಎಷ್ಟೋ ಜನರ ನಾಲ್ಕೂವರೆ ತಾಸು ಮುಗಿದುಹೋಗುತ್ತೆ.

ಗುರುತು ಹಿಡಿಯುವುದು ಕಷ್ಟವಲ್ಲ. ನಗಲು ಹೇಳಿ, ಬಾಯಿ ಒಂದು ಕಡೆ ಜೋತುಬೀಳುತ್ತಾ ನೋಡಿ. ಎರಡೂ ಕೈ ಮುಂದಕ್ಕೆ ಎತ್ತಲು ಹೇಳಿ, ಒಂದು ಕೆಳಗೆ ಇಳಿಯುತ್ತಾ ನೋಡಿ. ಮಾತಾಡಿಸಿ, ಅದೂ ಮನೆ ಮಾತಿನಲ್ಲಿ, ದಿನಾ ಹೇಳುವ ಯಾವುದಾದರೂ ಮಾತನ್ನು ಮತ್ತೆ ಹೇಳಲು ಹೇಳಿ. ನಮ್ಮಂಥ ಮೂರು ಭಾಷೆಯ ಊರಲ್ಲಿ ಇದು ಮುಖ್ಯ. ಇದ್ದಕ್ಕಿದ್ದಂತೆ ಕಣ್ಣು ಮಂಜಾಗುವುದು, ನಿಂತಲ್ಲೇ ತೂಗಾಡುವುದು, ಹಿಂದೆಂದೂ ಬಾರದಂಥ ತಲೆನೋವು, ಇವೂ ಗುರುತೇ. ಹತ್ತು ನಿಮಿಷದಲ್ಲಿ ಎಲ್ಲಾ ಸರಿ ಹೋಯಿತು ಅಂದರೂ ಸುಮ್ಮನಾಗಬೇಡಿ, ಅದು ಮುಂದೆ ಬರುವ ದೊಡ್ಡದರ ಸೂಚನೆ ಆಗಿರಬಹುದು, ಮೊದಲ ಎರಡು ದಿನ ಅಪಾಯ ಜಾಸ್ತಿ.

108ಕ್ಕೆ ಫೋನ್ ಮಾಡಿ. ಲಕ್ವಾ ಅನ್ನುವ ಮಾತು ಮರಾಠಿಯಲ್ಲೂ ನಡೆಯುತ್ತೆ, ಸ್ಟ್ರೋಕ್ ಅಂದರೂ ಸರಿ. ರೋಗಿ ಕೊನೆಯದಾಗಿ ಚೆನ್ನಾಗಿದ್ದದ್ದು ಎಷ್ಟು ಗಂಟೆಗೆ ಅಂತ ಬರೆದುಕೊಳ್ಳಿ, ಡಾಕ್ಟರ್ ಮೊದಲು ಕೇಳುವುದೇ ಅದನ್ನು. ಒಂದು ಪಕ್ಕಕ್ಕೆ ಮಲಗಿಸಿ.

ಎಲ್ಲಿಗೆ ಒಯ್ಯಬೇಕು ಅನ್ನುವುದನ್ನು ಆ ಹೊತ್ತಿನಲ್ಲಿ ಯೋಚಿಸುತ್ತಾ ಕೂರಬೇಡಿ, ಈ ವಾರವೇ ಹೋಗಿ ಕೇಳಿಟ್ಟುಕೊಳ್ಳಿ. ಮೂರು ಪ್ರಶ್ನೆ ಸಾಕು: ರಾತ್ರಿ ಎರಡಕ್ಕೂ ಸಿಟಿ ಸ್ಕ್ಯಾನ್ ಆಗುತ್ತಾ, ಹೆಪ್ಪು ಕರಗಿಸುವ ಇಂಜೆಕ್ಷನ್ ಇಲ್ಲೇ ಕೊಡುತ್ತೀರಾ, ನರರೋಗದ ಡಾಕ್ಟರ್ ಫೋನ್ ಮಾಡಿದರೆ ಬರುತ್ತಾರಾ. ಮೂರಕ್ಕೂ ಹೌದು ಅಂದ ಕಡೆಯ ನಂಬರ್ ಬರೆದಿಡಿ. ಅಕ್ಕಲಕೋಟೆ, ಜತ್ತ ಕಡೆಯ ಹಳ್ಳಿಯವರು ದಾರಿಯ ತಾಸನ್ನೂ ಲೆಕ್ಕಕ್ಕೆ ಹಿಡಿಯಿರಿ, ಗಡಿಯ ಆಚೆ ವಿಜಯಪುರ ಹತ್ತಿರ ಆದರೆ ಅಲ್ಲಿಯದ್ದನ್ನು ಕೇಳಿಟ್ಟುಕೊಳ್ಳಿ.

ನಮ್ಮ ಮನೆಯಲ್ಲಿ ಈ ಚೀಟಿ ಕಪಾಟಿನ ಬಾಗಿಲ ಒಳಗೆ ಅಂಟಿಸಿದೆ. ಆಸ್ಪತ್ರೆ ನಂಬರ್, 108, ಕಾಕಾ ತಗೊಳ್ಳುವ ಗುಳಿಗೆಗಳ ಹೆಸರು, ಇಷ್ಟು ನಾನು ಬರೆದದ್ದು. ಅದರ ಕೆಳಗೆ ಕಾಕು ಪೆನ್ಸಿಲಿನಲ್ಲಿ ದೊಡ್ಡದಾಗಿ ಬರೆದಿದ್ದಾರೆ: ನೀರು ಕುಡಿಸಬ್ಯಾಡ್ರಿ.